ಕಣ್ಣು ಕಟ್ಟಿಕೊಂಡು ಬಾರಿಸಿದ ಲಾನ್ಸಿನೆ

ಗಿನಿ ದೇಶದ ಕಂಕಾನ್‌ನಿಂದ ಬಂದ ಲಾನ್ಸಿನೆ ಕಮಾರಾ ಜಪಾನಿನ ಒಸಾಕದ ಒಂದು ಅಂಗಡಿಬೀದಿಯಲ್ಲಿ ನೆಲೆಸಿ ಇಪ್ಪತ್ತೆರಡು ವರ್ಷಗಳಾಗಿದ್ದವು. ಅವನ ಜೆಂಬೆ ಡೋಲು, ತೋಫು ಅಂಗಡಿಯ ಮುರಸೆಯ ತುತ್ತೂರಿ, ಮುರಸೆಯ ಹೆಂಡತಿ ಕಿನುಯೆಯ ಶಾಮಿಸೆನ್ ತಂತಿವಾದ್ಯ. ಈ ಮೂರೂ ಕೂಡಿದ ಕುಣಿತದ ಬ್ಯಾಂಡಿಗೆ ಊರೂರುಗಳಿಂದ ಕರೆ ಬರುತ್ತಿತ್ತು. ತನ್ನದೇ ಬೀದಿಯಲ್ಲಿ ಗತಿಸಿದ ಹಿರಿಯರನ್ನು ನೆನೆದು ಕುಣಿಯುವ ಬೋನ್ ಹಬ್ಬಕ್ಕೆ ಮಾತ್ರ ಯಾರೂ ಕರೆದಿರಲಿಲ್ಲ. ಅವನಿಗಿದ್ದ ಕೊರಗು ಅದೊಂದೇ. ಅಲ್ಲಿ ನಲವತ್ತು ವರ್ಷಗಳಿಂದ ಒಂದೇ ಕ್ಯಾಸೆಟ್ಟು ಹಾಡುತ್ತಿತ್ತು.

ಆ ಆಗಸ್ಟಿನಲ್ಲಿ ಕ್ಯಾಸೆಟ್ಟಿನ ಟೇಪು ತುಂಡಾಯಿತು. ಕುಣಿಯುವ ಹೆಂಗಸರ ಮುಂದಾಳು, ಎಂಬತ್ತೆರಡರ ತೊಮಿಯೆ ಅಜ್ಜಿ, ಅವನ ಬಾಗಿಲಿಗೆ ಬಂದರು.

"ಲಾನ್-ಸಾನ್, ಈ ಸಲ ನೀನೇ ಬಾರಿಸಪ್ಪ. ನಮ್ಮೋರ ಹೆಜ್ಜೆ ಕೆಟ್ಟಿತೋ, ಮುಂದಿನ ವರ್ಷ ಟೇಪು ಅಂಟಿಸ್ಕೊಂಡು ಅದನ್ನೇ ಹಾಕ್ತೀವಿ!"

ಹಬ್ಬದ ಸಂಜೆ ಲಾನ್ಸಿನೆ ಮರದ ಅಟ್ಟಣಿಗೆ ಏರಿದ. ಸುತ್ತಲೂ ಹೆಂಗಸರು ಉಂಗುರದಂತೆ ನಿಂತರು. ಕುಣಿಯುವವರ ಪಾದ ನೋಡಿಕೊಂಡೇ ಪೆಟ್ಟು ಹಾಕಬೇಕೆಂಬುದು ಕಂಕಾನ್‌ನಲ್ಲಿ ತಂದೆ ಕಲಿಸಿದ ಪಾಠ. ಅವನು ಅಜ್ಜಿಯ ಪಾದದ ಮೇಲೆ ಕಣ್ಣಿಟ್ಟ. ಅಜ್ಜಿಯೋ, ಪೆಟ್ಟು ಬಿದ್ದ ಮೇಲೆ ಹೆಜ್ಜೆಯಿಡುವವರು; ಅವರ ಹೆಜ್ಜೆ ಕೂದಲೆಳೆಯಷ್ಟು ತಡವಾಯಿತು. ಆ ತಡಕ್ಕಾಗಿ ಇವನು ಕಾದ. ಇವನಿಗಾಗಿ ಅವರು ಕಾದರು. ಕುಣಿತ ನಿಧಾನವಾಗುತ್ತ ಆಗುತ್ತ, ಕೊನೆಗೆ ಅರವತ್ತು ಹೆಂಗಸರು ಒಂದು ಕಾಲೆತ್ತಿ ಕೊಕ್ಕರೆಗಳಂತೆ ನಿಂತುಬಿಟ್ಟರು. ಮುರಸೆಯ ತುತ್ತೂರಿ ಉಸಿರಿಲ್ಲದೆ ಕೀರಲು ದನಿ ಹೊರಡಿಸಿತು.

"ಏನಪ್ಪಾ, ನಿದ್ದೆ ಬಂತಾ?" ಎಂದರು ಅಜ್ಜಿ.

"ನಾನು ನಿಮ್ಮ ಕಾಲು ನೋಡ್ತಿದ್ದೆ, ಅಜ್ಜಿ!"

"ಅಯ್ಯೋ ಪೆದ್ದೇ, ನಾವು ನಿನ್ನ ಕೈ ನೋಡ್ತಿದ್ವಿ!"

ಬೀದಿಯೆಲ್ಲ ಗೊಳ್ಳೆಂದಿತು. ಲಾನ್ಸಿನೆಗೆ ಮಾತ್ರ ಆ ಕ್ಯಾಸೆಟ್ಟೇ ಕಣ್ಣ ಮುಂದೆ ಬಂದಂತಾಯಿತು. ಅಷ್ಟರಲ್ಲಿ ಅಜ್ಜಿ ಕೊರಳಿನ ಟವೆಲ್ ತೆಗೆದು ಮೇಲಕ್ಕೆಸೆದರು.

"ತಗೋ, ಕಣ್ಣಿಗೆ ಕಟ್ಕೋ. ನಮ್ಮ ಕಾಲಿನ ಗೊಡವೆ ನಿನಗೆ ಬೇಡ."

ಕಟ್ಟಿಕೊಂಡು ಬಾರಿಸಿದ. ಕತ್ತಲೆಯೊಳಗೆ ಕೈ ತಾನಾಗಿ ಓಡಿತು. ಕೆಳಗೆ ಅರವತ್ತು ಜೊತೆ ಮರದ ಚಪ್ಪಲಿಗಳು ಒಟ್ಟಿಗೆ ಟಪ್ಪೆಂದವು. ಆ ಸದ್ದು ಒಮ್ಮೆಯೂ ಚೆದರಲಿಲ್ಲ.

ಕೊನೆಯ ಹಾಡಿಗೆ ಅಜ್ಜಿ ಉಂಗುರ ಬಿಟ್ಟು ಒಬ್ಬರೇ ಮುಂದೆ ಬಂದರು. "ಈಗ ಬಿಚ್ಚು. ನಿಮ್ಮೂರ ಥರ ನನ್ನ ಕಾಲು ನೋಡು!"

ನೋಡಿದ. ಎಂಬತ್ತೆರಡರ ಕಾಲು ಅವನ ಬೆವರಿಳಿಸಿತು.

ಕುಣಿತ ಮುಗಿದ ಮೇಲೆ ಲಾನ್ಸಿನೆ ಟವೆಲ್ ಮರಳಿಸಲು ಹೋದ. ಅಜ್ಜಿ ಮೂಗು ಮುಚ್ಚಿಕೊಂಡರು.

"ಥೂ, ಬೆವರು! ಒಗೆದು ಇಟ್ಕೊಂಡಿರು. ಮುಂದಿನ ವರ್ಷ ಅಟ್ಟಣಿಗೆ ಹತ್ತೋವಾಗ ಮರೀದೆ ತಗೊಂಡ್ಬಾ."