ದೇವರ ಕೋಣೆಯ ಮತಗಟ್ಟೆ

ರಾಜ್ಯಶಾಸ್ತ್ರದ ಎಂ.ಎ.ಗೆ ಸೇರಿದ ಹೊಸದರಲ್ಲಿ ನಾನು ಮನೆಯವರಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಬೆಳಿಗ್ಗೆ ಕ್ಲಾಸಿನಲ್ಲಿ ಕೇಳಿದ್ದನ್ನು ಸಂಜೆ ಮನೆಯಲ್ಲಿ ಪ್ರಯೋಗಿಸದಿದ್ದರೆ ನನಗೆ ಉಂಡದ್ದು ಅರಗುತ್ತಿರಲಿಲ್ಲ. ಅಮ್ಮ ಸಾರಿಗೆ ಬೇಳೆ ಕಡಿಮೆ ಹಾಕಿದರೆ ಅದು ಸಂಪನ್ಮೂಲ ಹಂಚಿಕೆಯ ಸಮಸ್ಯೆ. ಅಪ್ಪ ಹಿಪ್ಪುನೇರಳೆ ತೋಟಕ್ಕೆ ನೀರು ಬಿಡುವುದನ್ನು ಮರೆತರೆ ಅದು ಅನುಷ್ಠಾನದ ವೈಫಲ್ಯ. ಒಂದು ಸಲ ಚಿಕ್ಕಮ್ಮನನ್ನು ಹೊಗಳಲು ಹೋಗಿ 'ಈ ಮನೆಯ ಪ್ರಮುಖ ಪಾಲುದಾರರು' ಎಂದುಬಿಟ್ಟೆ. ಆಸ್ತಿಯ ವಿಷಯ ಎತ್ತುತ್ತಿದ್ದೇನೆಂದು ಅವರು ಮುಖ ಊದಿಸಿಕೊಂಡು ಓಡಾಡಿದರು. ಅಜ್ಜಿ ಮಾತ್ರ ಬೀದಿಯವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು: "ನಮ್ಮ ಹುಡುಗಿ ಸರ್ಕಾರ ಹೆಂಗೆ ನಡೀತದೆ ಅಂತ ಓದ್ತಾವ್ಳೆ. ನಡೀತಿಲ್ಲ ಅಂತ ಇನ್ನೂ ಅವ್ಳಿಗೆ ಯಾರೂ ಹೇಳಿಲ್ಲ."

ನಮ್ಮೂರು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಪಕ್ಕ. ವಿಶ್ವವಿದ್ಯಾಲಯವಿರುವುದು ಬೆಂಗಳೂರಿನ ಆ ತುದಿಯಲ್ಲಿ. ವಿಜಯಪುರದಿಂದ ದೇವನಹಳ್ಳಿ, ಅಲ್ಲಿಂದ ಮೆಜೆಸ್ಟಿಕ್, ಅಲ್ಲಿಂದ ಮತ್ತೊಂದು ಬಸ್ಸು. ನಾನು ಬಾಗಿಲಲ್ಲಿ ನಿಂತು 'ಮೇ ಐ ಕಮ್ ಇನ್' ಅನ್ನುವಷ್ಟರಲ್ಲಿ ಮೇಷ್ಟ್ರು ಹಾಜರಿ ಮುಗಿಸಿ, ಪೀಠಿಕೆ ಮುಗಿಸಿ, ಪಾಠದ ನಡುವಿಗೆ ಬಂದಿರುತ್ತಿದ್ದರು. ಹಾಗಾಗಿ ಎಷ್ಟೋ ಸಿದ್ಧಾಂತಗಳ ಉತ್ತರಾರ್ಧ ಮಾತ್ರ ನನಗೆ ಗೊತ್ತು. ಹಾಜರಿ ಹೀಗೇ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ವಿಭಾಗದಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಅಷ್ಟರಲ್ಲಿ ಎರಡನೇ ಸೆಮಿಸ್ಟರಿಗೆ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಿತು. ಸೋಮವಾರ ಬಂದು ಸೇರಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ. ಸೀಟು ಹೋದರೆ ಓದೂ ಹೋದಂತೆಯೇ.

ಅಪ್ಪನನ್ನು ನೇರವಾಗಿ ಕೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ತೀರ್ಮಾನಗಳು ಆಗುತ್ತಿದ್ದ ರೀತಿಯೇ ನನಗೆ ಹಿಡಿಸುತ್ತಿರಲಿಲ್ಲ. ಅಪ್ಪ ಜಗಲಿಯ ಮೇಲೆ ಕೂತು ಸುಮ್ಮನೆ ರಸ್ತೆ ನೋಡುತ್ತಾರೆ. ಅಮ್ಮ ಒಳಗಿನಿಂದ ಏನೋ ಅರ್ಧ ಮಾತು ಅನ್ನುತ್ತಾರೆ. ಅಪ್ಪ "ಹೂಂ" ಅನ್ನುತ್ತಾರೆ. ಮಾರನೇ ದಿನ ನೋಡಿದರೆ ಹಸು ಮಾರಾಟವಾಗಿರುತ್ತದೆ, ಇಲ್ಲವೇ ಚಿಕ್ಕಪ್ಪನ ಮದುವೆ ಗೊತ್ತಾಗಿರುತ್ತದೆ. ಯಾರು, ಯಾವಾಗ, ಯಾವ ಆಧಾರದ ಮೇಲೆ ತೀರ್ಮಾನಿಸಿದರು ಎಂಬುದಕ್ಕೆ ಗುರುತೇ ಇಲ್ಲ. ಸಾರ್ವಜನಿಕ ನೀತಿಯ ಪರೀಕ್ಷೆಯಲ್ಲಿ ಪಾರದರ್ಶಕತೆಯ ಬಗ್ಗೆ ಪುಟಗಟ್ಟಲೆ ಬರೆದು ಬಂದವಳಿಗೆ ಇದು ಸಹಿಸಲಾಗದ ಸಂಗತಿ. ಆದ್ದರಿಂದ ನನ್ನ ಹಾಸ್ಟೆಲ್ ವಿಷಯವನ್ನು ಗುಪ್ತ ಮತದಾನಕ್ಕೆ ಹಾಕುತ್ತೇನೆಂದು ಶನಿವಾರ ಘೋಷಿಸಿದೆ. ಫಲಿತಾಂಶಕ್ಕೆ ಎಲ್ಲರೂ ಬದ್ಧರಾಗಿರಬೇಕು ಎಂದೂ ಸೇರಿಸಿದೆ.

"ಗೆಲ್ಲಿಲ್ಲ ಅಂದ್ರೆ ಅಳ್ಬಾರ್ದು, ನೋಡು ಮತ್ತೆ" ಎಂದರು ಚಿಕ್ಕಪ್ಪ. ಅವರಿಗೆ ದೇವನಹಳ್ಳಿಯ ಕಡೆ ಒಂದು ಗೋದಾಮಿನಲ್ಲಿ ಕೆಲಸ. ಮನೆಯಲ್ಲಿ ನನ್ನ ಭಾಷಣಗಳಿಂದ ತಪ್ಪಿಸಿಕೊಳ್ಳಲೆಂದೇ ಓವರ್‌ಟೈಮ್ ಮಾಡುತ್ತಾರೆಂದು ಚಿಕ್ಕಮ್ಮ ಹೇಳುತ್ತಿದ್ದರು.

ಲೆಕ್ಕಾಚಾರವಿಲ್ಲದೆ ನಾನು ಕಣಕ್ಕಿಳಿದಿರಲಿಲ್ಲ. ಅಪ್ಪ, ಚಿಕ್ಕಪ್ಪ ವಿರುದ್ಧ ಹಾಕುತ್ತಾರೆ, ಸರಿ. ಅಮ್ಮ ನನ್ನ ಪರ. ಅಜ್ಜಿಯೂ ನನ್ನ ಪರ. ನಾನು ಹೋದರೆ ನನ್ನ ಕೋಣೆ ಸಿಗುವುದರಿಂದ ಚಿಕ್ಕಮ್ಮನ ಮತವೂ ಗಟ್ಟಿ. ಬಹುಮತ ಖಚಿತ. ಆದರೂ ಯಾಕೆ ಅಪಾಯ ತಂದುಕೊಳ್ಳುವುದೆಂದು ಭಾನುವಾರ ಬೆಳಿಗ್ಗೆ ಎದ್ದು ಎಲ್ಲರಿಗೂ ಕೇಸರಿಬಾತು ಮಾಡಿಕೊಟ್ಟೆ. ಮತದಾರರಿಗೆ ಆಮಿಷ ಒಡ್ಡುವುದರ ವಿರುದ್ಧ ಹಿಂದಿನ ವಾರವಷ್ಟೇ ಸೆಮಿನಾರ್ ಕೊಟ್ಟಿದ್ದೆ.

ಊಟವಾದ ಮೇಲೆ ನಡುಮನೆಯಲ್ಲಿ ಸಭೆ ಸೇರಿಸಿ, ಗೋಡೆಗೆ ಚಾರ್ಟ್ ಅಂಟಿಸಿ, ಸಾಧಕ ಬಾಧಕಗಳನ್ನು ವಿವರಿಸಿದೆ. ಅಪ್ಪನಿಗೆ ಒಳ್ಳೆಯ ಜೊಂಪು ಹತ್ತಿತು. ಕೊನೆಗೆ ಪ್ರಶ್ನೆಯನ್ನು ಗಂಭೀರವಾಗಿ ಓದಿದೆ: "ನಾನು ಮನೆ ಬಿಟ್ಟು ಹಾಸ್ಟೆಲ್ಲಿನಲ್ಲಿ ಇರುವುದು ನಿಮಗೆ ಇಷ್ಟವೇ?" ಇಷ್ಟ ಇದ್ದವರು ಅವರೆಕಾಳು, ಇಲ್ಲದವರು ಹುರುಳಿಕಾಳು ಹಾಕಬೇಕು. ಒಬ್ಬರೇ ಹೋಗಿ ಬಾಗಿಲು ಹಾಕಿಕೊಳ್ಳಲು ಅನುಕೂಲವಾದ ಜಾಗವೆಂದು ದೇವರ ಕೋಣೆಯಲ್ಲಿ ತಾಮ್ರದ ಚೊಂಬು ಇಟ್ಟೆ. ಚುನಾವಣಾಧಿಕಾರಿ ನಾನೇ ಆದ್ದರಿಂದ ನನಗೆ ಮತವಿರಲಿಲ್ಲ. ಉಳಿದವರು ಒಬ್ಬೊಬ್ಬರೇ ಹೋಗಿ ಬಂದರು. ಅಜ್ಜಿ ಕಾಲು ತೊಳೆದುಕೊಂಡು ಹೋದರು, ಬಹಳ ಹೊತ್ತು ಒಳಗೇ ಇದ್ದರು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರು.

ಚೊಂಬನ್ನು ತಟ್ಟೆಗೆ ಸುರಿದೆ. ಎಲ್ಲವೂ ಹುರುಳಿ. ತಟ್ಟೆಯನ್ನು ಅಲ್ಲಾಡಿಸಿ ನೋಡಿದೆ, ಚೊಂಬಿನೊಳಗೆ ಕೈಹಾಕಿ ತಡಕಿದೆ. ಹೆಸರಿಗೆ ಒಂದು ಅವರೆಕಾಳೂ ಇರಲಿಲ್ಲ. ಸ್ವಂತ ಮನೆಯಲ್ಲಿ ಠೇವಣಿ ಕಳೆದುಕೊಂಡಿದ್ದೆ.

"ಜನಾದೇಶಕ್ಕೆ ತಲೆಬಾಗುತ್ತೇನೆ" ಎಂದೆ. ಮೂಗು ಸೋರುತ್ತಿತ್ತು. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅಪ್ಪ, ಚಿಕ್ಕಪ್ಪನ ಮೇಲೆ ನನಗೆ ಸಿಟ್ಟಿರಲಿಲ್ಲ. ಅಮ್ಮ ಹುರುಳಿ ಹಾಕಿದ್ದು ಮಾತ್ರ ಎದೆಗೆ ನಾಟಿತ್ತು. ಇಷ್ಟು ದಿನ ಕತ್ತಲಲ್ಲೇ ಎದ್ದು ನನಗೆ ಬುತ್ತಿ ಕಟ್ಟಿಕೊಟ್ಟವಳು ಓದೇ ಬೇಡ ಎಂದುಬಿಟ್ಟಳಲ್ಲ ಎಂದು ಸಂಕಟವಾಯಿತು. ಅಡುಗೆಮನೆಯಿಂದ ಮೆಣಸಿನಕಾಯಿ ಹುರಿಯುವ ಘಾಟು ಬಂದು ಅಳುವಿನ ಜೊತೆ ಸೀನೂ ಸೇರಿಕೊಂಡಿತು. ವಾರ್ಡನ್ನಿಗೆ ಫೋನು ಮಾಡಿ ಸೀಟು ಬೇಡವೆಂದು ಹೇಳಿಬಿಡುವುದೆಂದು ಎದ್ದು ಒಳಗೆ ಹೋದೆ.

ಒಲೆಯ ಮುಂದೆ ಅಮ್ಮ ಬಾಣಲೆ ತುಂಬ ಮೆಣಸಿನಕಾಯಿ ಹುರಿಯುತ್ತಿದ್ದರು. ಪಕ್ಕದಲ್ಲಿ ಹುರಿದ ಕಡಲೆಬೇಳೆ, ತುರಿದ ಕೊಬ್ಬರಿ.

"ಇಷ್ಟೊಂದು ಚಟ್ನಿಪುಡಿ ಯಾರಿಗಮ್ಮ?"

"ಇನ್ಯಾರಿಗೆ, ನಿಂಗೆ. ಆ ಹಾಸ್ಟೆಲ್ ಊಟ ಬಾಯಿಗಿಕ್ಕೋಕಾಗ್ತದಾ?"

"ಹಾಸ್ಟೆಲ್ಲಾ? ಎಲ್ರೂ ಹುರುಳಿ ಹಾಕಿದ್ರಲ್ಲಮ್ಮ! ನೀನೂ ಹಾಕ್ದೆ."

"ಹೂಂ, ಹಾಕ್ದೆ. ಇಷ್ಟಾನಾ ಅಂತ ಕೇಳ್ದೆ, ಇಷ್ಟ ಇಲ್ಲ. ದೇವರ ಮುಂದೆ ಚೊಂಬಿಟ್ಟು ಕೇಳಿದ್ಮೇಲೆ ಸುಳ್ಳು ಹಾಕ್ಲಾ? ನಿಮ್ಮಜ್ಜಿ ಹಾಕ್ತಾರಾ?"

"ಮತ್ತೆ ಚಟ್ನಿಪುಡಿ?"

"ಕಳಿಸ್ತೀರಾ ಅಂತ ನೀನೆಲ್ಲಿ ಕೇಳ್ದೆ? ನಿಮ್ಮಪ್ಪ ಆಗ್ಲೇ ಹಾಸಿಗೆ ಹೊಲಿಸಿ ತಂದು ಅಟ್ಟದ ಮೇಲಿಟ್ಟವ್ರೆ. ನಿಮ್ ಚಿಕ್ಕಪ್ಪ ನಾಳೆ ರಜ ಹಾಕವ್ನೆ, ನಿನ್ನ ಬಿಟ್ಟು ಬರ್ತಾನಂತೆ."

ಇದೆಲ್ಲ ಯಾವಾಗ ತೀರ್ಮಾನವಾಯಿತು ಎಂದು ಕೇಳಿದೆ. ಅಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದ್ರಲ್ಲಿ ತೀರ್ಮಾನ ಮಾಡೋದೇನೈತೆ?" ಎಂದು ಮೆಣಸಿನಕಾಯಿಯನ್ನು ಮೊರಕ್ಕೆ ಸುರಿದು ಒಲೆ ಆರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅದ್ಸರಿ ಕಣೇ, ಎಲ್ರನ್ನೂ ಕೇಳ್ದೆ. ನಿಂಗೆ ಇಷ್ಟಾನಾ ಹೋಗೋಕೆ?"

ಮಧ್ಯಾಹ್ನವೆಲ್ಲ ಚಾರ್ಟ್ ಮುಂದೆ ನಿಂತು ಹಾಸ್ಟೆಲ್ಲಿನ ಗುಣಗಾನ ಮಾಡಿದವಳು ನಾನು.

"ಇಲ್ಲಮ್ಮ" ಎಂದೆ.

"ಹೂಂ" ಎಂದರು ಅಮ್ಮ. "ಬೆಳಿಗ್ಗೆ ಬೇಗ ಎದ್ದೇಳು, ಮೊದಲನೇ ಬಸ್ಸಿಗೇ ಹೋಗ್ಬೇಕು."