ದಿಂಬಿನ ಪಕ್ಕದ ಚಪ್ಪಲಿ

ಬೆಳಕಿನ್ನೂ ಬೆಳಕಾಗಿಲ್ಲ. ಬಟ್ಟೆ ಕಾರ್ಖಾನೆಯ ಹಿಂಬದಿಯ ಶಿಶುಪಾಲನಾ ಕೋಣೆಯಲ್ಲಿ ನೀಲಿ ಪರದೆ ಮೆಲ್ಲಗೆ ಉಸಿರಾಡುತ್ತಿದೆ. ಆಯಾ ಒಂದೊಂದೇ ಚಾಪೆ ಬಿಡಿಸುತ್ತಾರೆ. ಮಂಜಿನಲ್ಲಿ ದಡ ಸೇರಿದ ದೋಣಿಗಳಂತೆ ಅವು ಸಾಲಾಗಿ ಮಲಗುತ್ತವೆ. ಮೊದಲ ಪಾಳಿಯ ತಾಯಂದಿರು ಅರೆನಿದ್ದೆಯ ಮಕ್ಕಳನ್ನು ಹೆಗಲಿಂದ ಇಳಿಸಿ ಓಡುತ್ತಾರೆ. ಹದಿನೆಂಟು ಮಕ್ಕಳಿಗೆ ಈ ಆಯಾ ಒಬ್ಬರೇ ದೊಡ್ಡಮ್ಮ.

"ದೊಡ್ಡಮ್ಮ, ನಿನ್ನ ಮುಂದಿನ ಹಲ್ಲು ಎಲ್ಲೋಯ್ತು?"

"ನಿಮ್ಮ ಕನಸಲ್ಲಿ ಬಿದ್ದೋಗಿದೆ. ಮಲಗಿ ಹುಡುಕ್ಕೊಡಿ."

ನಾಲ್ಕು ವರ್ಷದ ಹುಡುಗಿಯೊಬ್ಬಳು ಮಾತ್ರ ಹುಡುಕಲು ಹೋಗುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದರೂ ಚಪ್ಪಲಿ ಬಿಚ್ಚದೆ, ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದಳು. ಶಿಸ್ತಿನ ಆಯಾ ಒಂದು ದಿನ ಅದನ್ನು ಬಿಚ್ಚಿ ಹೊರಗಿನ ಗೂಡಿನಲ್ಲಿಟ್ಟರು. ಮಗು ಕಿಟಾರನೆ ಕಿರುಚಿತು. ಸಂಜೆ ಅದರ ತಾಯಿ ತಲೆತಗ್ಗಿಸಿ ಹೇಳಿದಳು: "ಅವರಪ್ಪ ಕುಡಿದು ಬಂದ್ರೆ ಪಕ್ಕದ ಮನೆಗೆ ಓಡ್ಬೇಕಲ್ಲ ಅಕ್ಕ. ಚಪ್ಪಲಿ ಹಾಕ್ಕೊಂಡೇ ಮಲಗ್ತಾಳೆ."

"ನಾನು ಬಿಚ್ಚಿಸಬಾರದಿತ್ತು," ಎನ್ನುತ್ತಾರೆ ಆಯಾ. "ನನ್ನ ತಮ್ಮನೂ ಹೀಗೇ. ಅಪ್ಪನ ಹೆಜ್ಜೆ ಸಪ್ಪಳ ಕೇಳಿದ್ರೆ ಮಂಚದಡಿ ಸೇರ್ತಿದ್ದ. ಎಳೆದು ತಬ್ಬಿಕೊಳ್ಳೋರು ಯಾರೂ ಇರ್ಲಿಲ್ಲ. ಮೀಸೆ ಚಿಗುರೋ ಮುಂಚೆ ಬಾಟ್ಲಿ ತಬ್ಬಿಕೊಂಡ."

ಅಂಜಿಕೆಯ ಮನೆಯಲ್ಲಿ ಬೆಳೆದ ಮಕ್ಕಳು ಮುಂದೆ ಮಾದಕ ವಸ್ತುಗಳಿಗೆ ಅಂಟಿಕೊಳ್ಳುವ ಸಾಧ್ಯತೆ ಹೆಚ್ಚು ಎನ್ನುತ್ತವೆ ಅಧ್ಯಯನಗಳು. ಸಾಧ್ಯತೆ ಮಾತ್ರ, ಹಣೆಬರಹವಲ್ಲ. ನಂಬಬಹುದಾದ ದೊಡ್ಡವರೊಬ್ಬರು ದಿನವೂ ಜೊತೆಗಿದ್ದರೆ ಮಗುವಿನ ದಾರಿ ಬೇರೆಯಾಗಬಹುದು.

ಮರುದಿನ ಆಯಾ ಆ ಚಪ್ಪಲಿಗಳನ್ನು ತೊಳೆದು, ಒರೆಸಿ, ದಿಂಬಿನ ಪಕ್ಕದಲ್ಲೇ ಇಟ್ಟರು. "ಓಡೋದಿದ್ರೆ ನಾನೇ ಎಬ್ಬಿಸ್ತೀನಿ ಕಣೇ. ಆದ್ರೆ ನನಗೆ ಮಂಡಿ ನೋವು, ನೀನೇ ಎಳ್ಕೊಂಡು ಓಡ್ಬೇಕು." ಮಗು ನಕ್ಕಿತು, ಮಲಗಲಿಲ್ಲ. ಅಂದಿನಿಂದ ಮಧ್ಯಾಹ್ನವೆಲ್ಲ ಆಯಾ ಬಾಗಿಲಿಗೆ ಬೆನ್ನು ಕೊಟ್ಟು ಒಂದೇ ಜಾಗದಲ್ಲಿ ಕೂರುತ್ತಾರೆ.

"ಅವರ ಮನೆ ಸರಿಮಾಡೋದು ನನ್ನ ಕೈಲಾಗಲ್ಲ. ತಾಯೀನ ಆಸ್ಪತ್ರೆಗೆ ಕರ್ಕೊಂಡೋಗಿ ಅಲ್ಲಿನ ಸಲಹೆಗಾರ್ತಿ ಹತ್ರ ಮಾತಾಡಿಸಿದ್ದೀನಿ. ಅಪ್ಪ ಇನ್ನೂ ಬರ್ತೀನಿ ಅಂದಿಲ್ಲ."

ಇಂದು ಪರದೆ ಇಳಿದು ಕೋಣೆಯೆಲ್ಲ ನೀಲಿಯಾಗಿದೆ. ಹೊಲಿಗೆ ಯಂತ್ರಗಳ ಸದ್ದು ದೂರದ ದುಂಬಿಯಂತೆ ಕೇಳುತ್ತಿದೆ. ಹುಡುಗಿ ಎದ್ದು ಬಂದು ಚಪ್ಪಲಿಗಳನ್ನು ಆಯಾರ ಮಡಿಲಲ್ಲಿಡುತ್ತಾಳೆ.

"ನೀನೇ ನೋಡ್ಕೋ ದೊಡ್ಡಮ್ಮ. ನಾನು ಹಲ್ಲು ಹುಡುಕಿ ಬರ್ತೀನಿ."

ಬಾಗಿಲಿಗೆ ಬೆನ್ನು ಹಾಕಿ, ಗೋಡೆಯತ್ತ ತಿರುಗಿ ಮಲಗುತ್ತಾಳೆ. ಉಸಿರು ನಿಧಾನವಾಗುತ್ತದೆ.

ಅಂಗೈಯಗಲದ ಚಪ್ಪಲಿಗಳನ್ನು ಹಿಡಿದು ಆಯಾ ಪಿಸುಗುಟ್ಟುತ್ತಾರೆ: "ಆ ಹಲ್ಲು ಬೇಗ ಸಿಗದೇ ಇರ್ಲಪ್ಪ."