ಮುತ್ತಲ ಗಿಡದ ಉಡಿ

ಕೆಲಗೇರಿಯ ಉಡಚವ್ವನಿಗೆ ಮುತ್ತಲ ಗಿಡ ಹೊಸದಲ್ಲ. ಇಪ್ಪತ್ತಾರನೆಯ ವಯಸ್ಸಿಗೆ ಗಂಡ ಹಾವು ಕಚ್ಚಿ ಸತ್ತು, ಅವಳು ಮಕ್ಕಳಿಲ್ಲದೆ ಬರಿಗೈಯಲ್ಲಿ ತಮ್ಮ ಗುಡ್ಡಪ್ಪನ ಮನೆ ಸೇರಿದ ಮೇಲೆ ಅವಳ ಹೊಟ್ಟೆ ಹೊರೆದದ್ದೇ ಅದರ ಎಲೆ. ಕೆರೆಯ ಆಚೆ ದಂಡೆಯ ಗಿಡಗಳಿಂದ ಎಲೆ ಹರಿದು ತಂದು, ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದಳು. ಧಾರವಾಡದ ಎಷ್ಟೋ ಮದುವೆಗಳಲ್ಲಿ ಜನ ಉಂಡದ್ದು ಅವಳ ಎಲೆಯ ಮೇಲೆ. ಆ ಮದುವೆಗಳ ಹಂದರದೊಳಗೆ ಮಾತ್ರ ಅವಳು ಕಾಲಿಟ್ಟವಳಲ್ಲ. ಹೊರೆಯನ್ನು ಹಿತ್ತಿಲ ಬಾಗಿಲಲ್ಲಿ ಇಳಿಸಿ ಹಾಗೇ ತಿರುಗಿ ಬರುವುದು. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳುವ ಮೊದಲೇ ತಿಳಿದು ದೂರ ನಿಲ್ಲುವುದನ್ನು ನಮ್ಮ ಜನ ಇಂಥ ಹೆಣ್ಣುಮಕ್ಕಳಿಗೆ ಬಹಳ ಚೆನ್ನಾಗಿ ಕಲಿಸಿರುತ್ತಾರೆ.

ಐವತ್ತರ ಹತ್ತಿರ ಬಂದಾಗ ಅವಳಿಗೆ ಧಾರವಾಡದ ಕಾಲೇಜೊಂದರ ತೋಟದಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸ ಸಿಕ್ಕಿತು. ಅಲ್ಲಿ ಬಾವಿಯ ಪಕ್ಕದಲ್ಲೂ ಒಂದು ಗಿಡ್ಡ ಮುತ್ತಲ ಗಿಡ. ಮೊದಲ ದಿನ ಅದನ್ನು ಕಂಡು ಉಡಚವ್ವ ಕೊಡ ಕೆಳಗಿಟ್ಟು, "ನೀ ಇಲ್ಲಿಗೂ ಬಂದೀ ಏನವಾ?" ಎಂದು ಕೇಳಿದಳಂತೆ. ಮನುಷ್ಯರ ಜೊತೆ ಕಡಿಮೆ ಮಾತನಾಡುವವಳು ಗಿಡಗಳ ಜೊತೆ ಬಾಯಿ ಮುಚ್ಚುತ್ತಿರಲಿಲ್ಲ.

ಅರವತ್ತೊಂದನೆಯ ಇಸವಿಯ ಶಿವರಾತ್ರಿಯ ಸುಮಾರಿಗೆ ಆ ಗಿಡ ಎಲೆಯೆಲ್ಲ ಉದುರಿಸಿ ಮೈತುಂಬ ಮೊಗ್ಗು ಹೊತ್ತಾಗ, ಸುಲಭಾ ಎಂಬ ಹುಡುಗಿ ಏಣಿ, ದಾರ, ಬಿಳಿ ಅರಿವೆಯ ಚೀಲಗಳನ್ನು ಹೊತ್ತು ತೋಟಕ್ಕೆ ಬಂದಳು. ಹುಬ್ಬಳ್ಳಿಯ ವಿದ್ಯಾನಗರದ ಮೇಷ್ಟರೊಬ್ಬರ ಮಗಳು. ಮುತ್ತಲದ ಹೂವಿಗೆ ಯಾರು ಬರುತ್ತಾರೆ, ಯಾರು ಬಂದರೆ ಕಾಯಿ ಕಟ್ಟುತ್ತದೆ ಎಂಬುದನ್ನು ಕಂಡುಹಿಡಿದು ಡಾಕ್ಟರೇಟ್ ಪಡೆಯುವವಳಿದ್ದಳು. ಇದಕ್ಕೂ ಒಂದು ಪದವಿ ಉಂಟೆಂದು ಕೇಳಿ ಉಡಚವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆದರೆ ಹುಡುಗಿ ಬಿಸಿಲಲ್ಲಿ ಊಟ ಬಿಟ್ಟು ಕೂತು ಹಕ್ಕಿ ಎಣಿಸುವುದನ್ನು ನೋಡಿ ಮೂರನೆಯ ದಿನ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು. ಅಲ್ಲಿಂದ ಇಬ್ಬರಿಗೂ ಸಲಿಗೆ ಬೆಳೆಯಿತು.

ಸುಲಭಾ ಅವಳಿಗೆ ನೋಡುವುದನ್ನು ಕಲಿಸಿದಳು. ಬೆರಳುದ್ದದ ಕರಿ ಹಕ್ಕಿ, ಸೂರಕ್ಕಿ, ಬಿಸಿಲಿಗೆ ನೀಲಿಯಾಗಿ ಹೊಳೆಯುತ್ತ ಬಂದು ಹೂವಿನ ಮೇಲೆ ಕೂತು ಬಾಗಿದ ಕೊಕ್ಕನ್ನು ಒಳಗಿಡುತ್ತಿತ್ತು. ಆ ಭಾರಕ್ಕೆ ದೋಣಿಯಂಥ ದಳ ತಗ್ಗಿ, ಒಳಗಿನ ಎಳೆಗಳು ಹೊರಗೆ ಇಣುಕಿ ಕೊಕ್ಕಿನ ಬುಡಕ್ಕೆ ಹಳದಿ ಹುಡಿ ಬಳಿಯುತ್ತಿದ್ದವು. ಜೇನುಹುಳುಗಳೂ ಬರುತ್ತಿದ್ದವು. ಅವು ಬಗಲಿನಿಂದ ನುಸುಳಿ ಸಿಹಿ ಹೀರಿ ಹೋಗಿಬಿಡುತ್ತಿದ್ದವು. ಹೂವಿನ ತುದಿಗೆ ಮೈ ತಾಗಿಸುವುದು ಅಪರೂಪ.

"ಬೇವಿನ ಹೂ ನೋಡು ಉಡಚವ್ವಾ. ಸಣ್ಣದು, ಬಿಳೀದು, ಘಮಘಮ ಅನ್ನತದ. ಅದು ಜೇನುಹುಳಕ್ಕ ಕರೆ ಕಳಿಸೋ ಹೂ. ಇದಕ್ಕ ವಾಸನಿ ಇಲ್ಲ, ಬಣ್ಣ ಕೆಂಪು, ಒಳಗ ಸಿಹಿನೀರು ಭಾಳ. ಇದು ಹಕ್ಕೀನ ಕರೀತದ. ಲಕ್ಷಾಂತರ ವರ್ಷದಾಗ ಕೊಕ್ಕು ಹೂವಿನ ಅಳತಿಗೆ ಬಂತು, ಹೂ ಕೊಕ್ಕಿನ ಅಳತಿಗೆ ಬಂತು."

"ಅಳತಿ ತಗೊಂಡ ಸಿಂಪಿಗ್ಯಾ ಯಾರ‍್ರಿ?"

"ಸಿಂಪಿಗ್ಯಾ ಯಾರೂ ಇಲ್ಲ. ಹೊಂದದ ಹೂವು ಕಾಯಿ ಆಗದ ಉದುರಿದವು. ಹೊಂದಿದ್ದರ ಬೀಜ ಉಳೀತು. ಇಷ್ಟ."

ಉಡಚವ್ವನಿಗೆ ಆ ಮಾತು ಅಷ್ಟಾಗಿ ಹಿಡಿಸಲಿಲ್ಲ. ಉದುರಿದವುಗಳ ಬಗ್ಗೆ ಹುಡುಗಿ ಒಂದು ಮಾತು ಹೆಚ್ಚು ಹೇಳಬಹುದಿತ್ತು ಎನಿಸಿತು.

ಗಿಡದ ಕೆಲವು ಟೊಂಗೆಗಳು ತೆರೆದೇ ಇದ್ದವು. ಕೆಲವಕ್ಕೆ ಹುಳ ತೂರಿ ಹಕ್ಕಿ ತೂರದಂಥ ಜಾಳಿಗೆ. ಎರಡು ಟೊಂಗೆಗಳಿಗೆ, ಬಾವಿಯ ಕಡೆಯದೊಂದು, ಬೇಲಿಯ ಕಡೆಯದೊಂದು, ಮೊಗ್ಗಿರುವಾಗಲೇ ಸುಲಭಾ ದಟ್ಟ ಅರಿವೆಯ ಚೀಲ ಕಟ್ಟಿದ್ದಳು. ಅದರೊಳಗೆ ಇರುವೆಯೂ ಹೋಗದು.

"ಯಾರೂ ಬರಲಿಲ್ಲಂದ್ರ ಇವಕ್ಕ ಕಾಯಿ ಹ್ಯಾಂಗ ಆಗತಾವ್ರಿ ಬಾಯಾರ?"

"ಆಗೂದಿಲ್ಲ ಅಂತ ನನ್ನ ಅಂದಾಜು. ಅದನ್ನ ತೋರಿಸಲಿಕ್ಕೇ ಕಟ್ಟೇನಿ."

"ಗೊತ್ತಿದ್ದೂ ಕಟ್ಟಿದ್ರೇನ್ರಿ?" ಎಂದು ಕೇಳಿ ಉಡಚವ್ವ ಕೊಡ ಎತ್ತಿಕೊಂಡಳು. ಚೀಲಗಳಿಗೆ ಯಾರೂ ಕೈ ಹಚ್ಚದಂತೆ ಕಾಯುವುದು ಅವಳದೇ ಕೆಲಸ.

ಅದೇ ವಾರ ಮನೆಯಲ್ಲಿ ಶೇವಂತೆವ್ವನ ಏಳು ತಿಂಗಳ ಕುಬಸ. ಶೇವಂತೆವ್ವ ಗುಡ್ಡಪ್ಪನ ಮಗಳು. ಎತ್ತಿ ಆಡಿಸಿದ್ದು, ತಲೆ ಬಾಚಿದ್ದು, ಜ್ವರ ಬಂದಾಗ ಮಗ್ಗುಲಲ್ಲಿ ಮಲಗಿಸಿಕೊಂಡದ್ದು ಎಲ್ಲಾ ಉಡಚವ್ವ. ಕುಬಸದ ದಿನ ಓಣಿಯ ಮುತ್ತೈದೆಯರು ಬಸುರಿಯ ಉಡಿಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ತುಂಬಿದರು, ಹಾಡಿದರು. ಉಡಚವ್ವ ಅಡಿಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತ ಕೂತಿದ್ದಳು. ಶೇವಂತೆವ್ವ ಒಂದು ಸಲ ಬಾಗಿಲ ಕಡೆ ತಿರುಗಿ ನೋಡಿದಳು. ಉಡಚವ್ವ ಬೇಗ ತಲೆ ತಗ್ಗಿಸಿ ಕಣಕವನ್ನು ಇನ್ನಷ್ಟು ಜೋರಾಗಿ ನಾದಿದಳು.

ಮರುದಿನ ಬೆಳಿಗ್ಗೆ ತೋಟಕ್ಕೆ ಬಂದವಳಿಗೆ ಮೊದಲು ಕಂಡದ್ದು ಬಾವಿ ಕಡೆಯ ಚೀಲ. ಒಳಗೆ ಹೂ ಅರಳಿ ಅರಿವೆಯ ಮೇಲೆ ಕೆಂಪು ನೆರಳು ಮೂಡಿತ್ತು. ಸುತ್ತಲೂ ಹಕ್ಕಿಗಳ ಗದ್ದಲ. ಆ ಒಂದು ಟೊಂಗೆಯ ಹತ್ತಿರ ಯಾರೂ ಇಲ್ಲ. ಸೀಗೆ ಹುಣ್ಣಿಮೆಗೆ ತುಂಬಿದ ಹೊಲವನ್ನೇ ಬಸುರಿಯೆಂದು ಬಯಕೆಯ ಅಡಿಗೆ ಉಣಿಸುವ ಮನೆಯಲ್ಲಿ ಹುಟ್ಟಿದವಳಿಗೆ, ಮುಂದೆ ಮಾಡಿದ್ದು ವಿಚಿತ್ರವೆನಿಸಲಿಲ್ಲ. ಸುಲಭಾ ಬರಲು ಇನ್ನೂ ತಾಸು ಹೊತ್ತಿತ್ತು. ಏಣಿ ಹತ್ತಿ ಚೀಲದ ಗಂಟು ಬಿಚ್ಚಿದಳು. ಪಕ್ಕದ ಟೊಂಗೆಯ ಹೂ ಕಿತ್ತು, ದಳ ಒತ್ತಿ, ಹಳದಿ ಹುಡಿಯನ್ನು ಬೆರಳ ತುದಿಗೆ ಹಚ್ಚಿಕೊಂಡು ಒಳಗಿನ ಒಂದೊಂದೇ ಹೂವಿಗೆ ಮುಟ್ಟಿಸಿದಳು. "ನನ್ನ ಕೈ ನಿನಗ ನಡೀತೈತಿ ಹೌದಲ್ಲವಾ?" ಎಂದಳು. ಗಿಡ ಬೇಡ ಎನ್ನಲಿಲ್ಲ.

ಸಂಜೆ ಮನೆಗೆ ನಡೆಯುವಾಗ ಅವಳು ನಾಲಿಗೆ ಕಚ್ಚಿಕೊಂಡಳು. ಒಂದೇ ಗಿಡದ ಹೂವಿಗೆ ಅದೇ ಗಿಡದ ಹುಡಿ! ಒಂದೇ ಬೆಡಗಿನವರು, ಒಂದೇ ಗೋತ್ರದವರೆಂದರೆ ಅಣ್ಣತಂಗಿಯರು. ಅವರಲ್ಲಿ ಹೆಣ್ಣು ಕೊಡುವುದುಂಟೆ, ತರುವುದುಂಟೆ? ಇಷ್ಟು ತಿಳಿಯದೆ ಹೋಯಿತಲ್ಲ ಎಂದು ತನ್ನನ್ನೇ ಬೈದುಕೊಂಡಳು. ಮರುದಿನ ನಸುಕಿನಲ್ಲೇ ಕೆರೆಯ ಆಚೆ ದಂಡೆಗೆ ಹೋಗಿ, ತನಗೆ ಮೊದಲಿನಿಂದ ಎಲೆ ಕೊಟ್ಟ ಗಿಡದಿಂದ ಒಂದು ಮಡಿಲು ಹೂ ತಂದಳು. ಬಾವಿ ಕಡೆಯ ಹೂಗಳು ಅಷ್ಟರಲ್ಲಿ ಬಾಡಿದ್ದವು. ಬೇಲಿ ಕಡೆಯವು ಆಗತಾನೇ ಅರಳಿದ್ದವು. ಅವಕ್ಕೆ ಕೆಲಗೇರಿಯ ಹುಡಿ ಮುಟ್ಟಿಸಿ, ಗಂಟನ್ನು ಸುಲಭಾ ಹಾಕಿದಂತೆಯೇ ಹಾಕಿದಳು. ಅದಾದ ಮೇಲೆ ಎಷ್ಟೋ ದಿನ ಅವಳಿಗೆ ಒಳಗೊಳಗೇ ಹಿಗ್ಗು.

ಯುಗಾದಿಯ ಹೊತ್ತಿಗೆ ಸುಲಭಾ ಚೀಲ ಬಿಚ್ಚಿ ಕಾಯಿ ಎಣಿಸಿದಳು. ತೆರೆದ ಟೊಂಗೆಗಳಲ್ಲಿ ಬೇಕಾದಷ್ಟು. ಜಾಳಿಗೆಯವುಗಳಲ್ಲಿ ಅಲ್ಲೊಂದು ಇಲ್ಲೊಂದು. ಬಾವಿ ಕಡೆಯ ಚೀಲದಲ್ಲಿ ಒಂದೂ ಇಲ್ಲ. ಬೇಲಿ ಕಡೆಯದರಲ್ಲಿ ರೇಷ್ಮೆಯಂಥ ಎಳೆಯ ಕಾಯಿ ಹನ್ನೊಂದು.

ಸಂಜೆ ಬೀಜದ ಕೋಣೆಯ ಮೆಟ್ಟಿಲ ಮೇಲೆ ಅವಳು ಮೊಣಕಾಲಿಗೆ ಮುಖ ಒತ್ತಿ ಅಳುತ್ತಿದ್ದಳು. ಉಡಚವ್ವ ಕೊಡ ಇಳಿಸಿ ಹತ್ತಿರ ಹೋದಳು.

"ಯಾರೂ ಬರದನ ಹನ್ನೊಂದು ಕಾಯಿ ಆಗ್ಯಾವ ಉಡಚವ್ವಾ. ಹಕ್ಕಿ ಬೇಕಾಗೇ ಇಲ್ಲ, ಹಂಗಂತ ಬರಿ ಅಂದ್ರು ನಮ್ಮ ಗೈಡ್ ಸರ್. ನಾ ಕಣ್ಣಾರೆ ನೋಡಿದ್ದೆಲ್ಲಾ ಸುಳ್ಳೇನು?"

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಈ ಹುಡುಗಿ ಹೋಗುತ್ತಾಳೆ. ರೊಟ್ಟಿ ಹಂಚಿಕೊಂಡು ತಿನ್ನಲು ಇನ್ನೊಬ್ಬರಿಲ್ಲ. ಆದರೆ ಮಗಳ ಹಾಗೆ ಕಂಡವಳು ತನ್ನಿಂದಾಗಿ ಸುಳ್ಳು ಬರೆಯುವುದೆಂದರೆ?

"ಅಳಬ್ಯಾಡ್ರಿ ಬಾಯಾರ. ಆ ಕಾಯಿ ತಾವಾಗೇ ಆದವಲ್ರಿ. ನಾ ಚೀಲಾ ಬಿಚ್ಚಿ ಹುಡಿ ಹಚ್ಚೇನ್ರಿ."

ಸುಲಭಾ ಮುಖ ಎತ್ತಿದಳು. "ಒಂದು ವರ್ಷ, ಉಡಚವ್ವಾ. ಈ ಗಿಡ ವರ್ಷಕ್ಕ ಒಮ್ಮೆ ಹೂ ಬಿಡತದ" ಎಂದಳು. ಎದ್ದು ಹೋದಳು.

ಎಂಟು ದಿನ ತೋಟದ ಕಡೆ ಬರಲಿಲ್ಲ. ನಾಳೆ ಬರಬೇಡ ಎಂದು ಯಾರಾದರೂ ಹೇಳಬಹುದೆಂದು ಉಡಚವ್ವ ದಿನವೂ ಕಾದಳು. ಯಾರೂ ಹೇಳಲಿಲ್ಲ. ಸುಲಭಾ ಆ ಮಾತನ್ನು ಯಾರ ಕಿವಿಗೂ ಹಾಕಿರಲಿಲ್ಲ. ಒಂಬತ್ತನೆಯ ದಿನ ಬಂದು ಮುಖ ನೋಡದೆಯೇ ಕೇಳಿದಳು:

"ಬಾವಿ ಕಡೆ ಟೊಂಗಿಗೂ ಹಚ್ಚಿದ್ದೇನು?"

"ಮೊದಲ ಅದಕ್ಕ ಹಚ್ಚೇನ್ರಿ."

"ಅದರಾಗ ಒಂದೂ ಕಾಯಿ ಇಲ್ಲ. ಇದರಾಗ ಹನ್ನೊಂದು. ಯಾಕ?"

ಉಡಚವ್ವ ತಪ್ಪಿತಸ್ಥೆಯ ಹಾಗೆ ಬೆಡಗಿನ ವಿಷಯ ಹೇಳಿದಳು, ಕೆರೆಯಾಚೆಯ ಹೂವಿನ ವಿಷಯ ಹೇಳಿದಳು. ಸುಲಭಾ ಬಾವಿಯ ಕಟ್ಟೆಯ ಮೇಲೆ ಧೊಪ್ಪನೆ ಕೂತಳು. ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಹಕ್ಕಿ ಮಾಡೋದೂ ಅದನ್ನ ಉಡಚವ್ವಾ! ಈ ಗಿಡದ್ದು ಆ ಗಿಡಕ್ಕ ಒಯ್ಯತದ. ಜೇನುಹುಳ ಒಂದ ಗಿಡದಾಗ ಸುತ್ತಾಡಿ ಮನೀಗೆ ಹೋಗತದ. ತನ್ನ ಹುಡಿ ತನಗ ಒಲ್ಲೆ ಅನ್ನೋ ಗಿಡಕ್ಕ ದೂರ ಹೋಗಾವರ ಬೇಕು. ಇದನ್ನ ನಾ ವಿಚಾರನ ಮಾಡಿರಲಿಲ್ಲ."

"ಅಂದ್ರ ಅದಕ್ಕೂ ಬೆಡಗ ಐತೇನ್ರಿ?"

"ಅದ. ಆದ್ರ ನಮ್ಮ ಸರ್ ಮುಂದ ಆ ಮಾತು ಹ್ಯಾಂಗ ಹೇಳಲಿ?"

ಮುಂದಿನ ವರ್ಷ ಎಲ್ಲವನ್ನೂ ಮೊದಲಿನಿಂದ ಮಾಡಿದರು. ಅದೇ ಗಿಡದ ಹುಡಿ ನಲವತ್ತು ಹೂವಿಗೆ, ಕೆಲಗೇರಿಯ ಹುಡಿ ನಲವತ್ತು ಹೂವಿಗೆ. ಮುಟ್ಟಿಸಿದ್ದು ಉಡಚವ್ವನ ಬೆರಳೇ. ಸುಲಭಾ ಕುಂಚದಿಂದ ಮಾಡಹೋಗಿ ಹೂವಿನ ತುದಿ ಮುರಿಯುತ್ತಿದ್ದಳು. ಮೊದಲಿನವುಗಳಲ್ಲಿ ಎರಡು ಕಾಯಿ ಕಟ್ಟಿದವು, ಎರಡನೆಯವುಗಳಲ್ಲಿ ಹತ್ತೊಂಬತ್ತು. ಪ್ರಬಂಧ ಅಚ್ಚಾಯಿತು. ಅದರಲ್ಲಿ ಸೂರಕ್ಕಿಯ ಹೆಸರಿದೆ, ಜೇನುಹುಳದ ಹೆಸರೂ ಇದೆ. ಉಡಚವ್ವನ ಹೆಸರಿಲ್ಲ. ಯಾಕಿಲ್ಲ ಎಂದು ಆಗ ಯಾರೂ ಕೇಳಲಿಲ್ಲ, ಅವಳಂತೂ ಕೇಳಲೇ ಇಲ್ಲ.

ಅರವತ್ತಾರರಲ್ಲಿ ವಿದ್ಯಾನಗರದಿಂದ ಒಂದು ಬಾಡಿಗೆ ಮೋಟಾರು ಕೆಲಗೇರಿಗೆ ಬಂತು. ಮದುವೆಯಾಗಿದ್ದ ಸುಲಭಾ ಈಗ ಏಳು ತಿಂಗಳ ಬಸುರಿ, ಕುಬಸಕ್ಕೆ ಕರೆ. ಉಡಚವ್ವ ಒಂದು ಹೊರೆ ಪತ್ರಾವಳಿ ಹಚ್ಚಿಕೊಂಡು ಹೋಗಿ ಎಂದಿನಂತೆ ಹಿತ್ತಿಲ ಬಾಗಿಲಲ್ಲಿ ಇಳಿಸಿದಳು. ಹೋಳಿಗೆ ಲಟ್ಟಿಸಲು ಜಾಗ ಹುಡುಕುತ್ತಿದ್ದಾಗ ಸುಲಭಾ ಹಸೆಯಿಂದ ಎದ್ದು, ಭಾರದ ಹೊಟ್ಟೆ ಹಿಡಿದುಕೊಂಡು ಅಡಿಗೆಮನೆಗೇ ಬಂದಳು. ಸೆರಗು ಬಿಚ್ಚಿ ಮುಂದೆ ಹಿಡಿದಳು.

"ಮೊದಲ ಉಡಿ ನೀ ತುಂಬಬೇಕು."

ಬಾಗಿಲಲ್ಲಿ ನಿಂತಿದ್ದ ಸುಲಭಾಳ ಅತ್ತೆಯ ಮುಖ ಗಂಟಿಕ್ಕಿತು. ಉಡಚವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಬ್ಯಾಡ್ರಿ ಬಾಯಾರ. ನನ್ನ ಕೈ ಬ್ಯಾಡ್ರಿ. ಒಳ್ಳೇ ದಿನ ಐತಿ."

"ಆ ಕೈ ಮುಟ್ಟಿದ ಹನ್ನೊಂದು ಕಾಯಿ ನಾನ ಎಣಿಸೇನಿ. ಯಾರಿಗೆ ಏನ್ ಹೇಳತಿ?"

ಯಾರೋ ಅಕ್ಕಿಯ ತಟ್ಟೆ ತಂದು ಪಕ್ಕದಲ್ಲಿಟ್ಟರು. ಅತ್ತೆಯೇ ಇರಬೇಕು, ಉಡಚವ್ವ ತಲೆ ಎತ್ತಿ ನೋಡಲಿಲ್ಲ. ಮೂವತ್ತು ವರ್ಷ ಅವಳು ಈ ಕೆಲಸವನ್ನು ಬಾಗಿಲ ಸಂದಿಯಿಂದಷ್ಟೇ ಕಂಡಿದ್ದಳು. ಮೊದಲ ಬೊಗಸೆಯಲ್ಲಿ ಅರ್ಧ ಅಕ್ಕಿ ನೆಲಕ್ಕೇ ಚೆಲ್ಲಿತು. ಸುಲಭಾ ಸೆರಗನ್ನು ಇನ್ನಷ್ಟು ಅಗಲ ಮಾಡಿ ಹತ್ತಿರ ಬಂದಳು. ಐದನೆಯ ಬೊಗಸೆಯಲ್ಲಿ ಒಂದು ಕಾಳೂ ಕೆಳಗೆ ಬೀಳಲಿಲ್ಲ.